ಹೆಸರು ಕೇಳುತ್ತಿದ್ದ ಎರಡು ಯಂತ್ರಗಳು

ಜೆಬೆಲ್ ಅಲಿ ಬಂದರಿನ ಗೋದಾಮಿನಲ್ಲಿ ಏನೇ ಕೆಟ್ಟರೂ ವರದಿ ಬರೆಯಲು ಅಬುಧಾಬಿಯ ಕಚೇರಿಯಿಂದ ನನ್ನನ್ನು ಕಳಿಸುತ್ತಿದ್ದರು. ಹಿಂದೆ ಪತ್ರಿಕೆಯ ಡೆಸ್ಕಿನಲ್ಲಿದ್ದೆ. ಏನಾಯಿತು, ಯಾರಿಂದ ಆಯಿತು ಎಂದು ಕೇಳಿ ತಿಳಿಯದೆ ಬರೆಯುವವನಲ್ಲ ಎಂಬ ನಂಬಿಕೆ ಕಂಪನಿಗಿತ್ತು.

ಆ ಬೆಳಿಗ್ಗೆ ಕೈಕೊಟ್ಟಿದ್ದು ಹಳೆಯ ಯುನಿಕ್ಸ್ ಕಂಪ್ಯೂಟರ್. ಔಷಧ ದಾಸ್ತಾನಿನ ಲೆಕ್ಕ ಇನ್ನೂ ಅದರಲ್ಲೇ ಇತ್ತು. ಸರ್ವರ್ ಕೋಣೆಯಿಂದ ಹೊರಟ ಸೀರಿಯಲ್ ಕೇಬಲ್‌ಗಳು ಮೇಜುಮೇಜಿಗೂ ಹೋಗಿ ಟರ್ಮಿನಲ್‌ಗಳಿಗೆ ಸೇರುತ್ತಿದ್ದವು. ಟರ್ಮಿನಲ್ ಎಂದರೆ ಬರೀ ಪರದೆ ಮತ್ತು ಕೀಬೋರ್ಡು. ಗುಮಾಸ್ತ ಅಲ್ಲಿ ಲಾಗಿನ್ ಆಗಿ ಗೇಟ್‌ಪಾಸ್ ಮುದ್ರಿಸದಿದ್ದರೆ ಟ್ರಕ್ ಕದಲುವಂತಿರಲಿಲ್ಲ. ಹೊರಗೆ ಟ್ರಕ್‌ಗಳು ಸಾಲುಗಟ್ಟಿದ್ದವು.

ಆ ಪಾಳಿಯಲ್ಲಿದ್ದ ಗುಮಾಸ್ತರೊಬ್ಬರು ಉಡುಪಿ ಕಡೆಯವರು. ಅವರೇ ಲಾಗ್‌ಔಟ್ ಆಗದೆ ಸ್ವಿಚ್ ಆರಿಸಿ ಹೋಗಿ ಯಂತ್ರ ಕೆಡಿಸಿದ್ದಾರೆ ಎಂದು ಗೋದಾಮಿನ ಮ್ಯಾನೇಜರ್ ಆಗಲೇ ತೀರ್ಮಾನಿಸಿದ್ದರು. ಹಿಂದೊಮ್ಮೆ ವಾರ್ನಿಂಗ್ ಲೆಟರ್ ಪಡೆದಿದ್ದವರಿಗೆ ಇನ್ನೊಂದು ಬಂದರೆ ಕೆಲಸ ಹೋಗುತ್ತಿತ್ತು. ಕೆಲಸದ ಜೊತೆಗೆ ವೀಸಾ, ವೀಸಾದ ಜೊತೆಗೆ ಇಲ್ಲಿನ ಸಂಸಾರ. ನನ್ನ ವರದಿ ಮುಗಿದೊಡನೆ ಲೆಟರ್ ಹೊರಡುವುದಿತ್ತು.

ನನ್ನ ಜೊತೆ ಕಾರಿನಲ್ಲಿ ಬಂದಿದ್ದ ಎಂಜಿನಿಯರ್ ಹುಬ್ಬಳ್ಳಿಯ ಮಹಿಳೆ. ಆ ಯಂತ್ರ ಬಲ್ಲವರು ಕಂಪನಿಯಲ್ಲಿ ಅವರೊಬ್ಬರೇ. ಅವರು ಬಂದವರೇ ಕುರ್ಚಿ ಎಳೆದುಕೊಂಡು ಗುಮಾಸ್ತರ ಪಕ್ಕ ಕೂತರು.

“ನಾನು ಎಂಥ ಸಹ ಮಾಡ್ಲಿಲ್ಲ ಮೇಡಂ. ಹೆಸರು ಹೊಡೆದ್ರೆ ಪಾಸ್‌ವರ್ಡ್ ಕೇಳ್ಲಿಕ್ಕೇ ಅದಕ್ಕೆ ಪುರುಸೊತ್ತಿಲ್ಲ. ಕೇಳಿದ ಮೇಲೆ ಹೊಡೆದ್ರೆ ಟೈಮ್ ಆಯ್ತು ಅಂತ ಹೊರಗೆ ಹಾಕ್ತದೆ.”

“ಸಿಟ್ಟಿಲೆ ಕೀಬೋರ್ಡ್ ಕುಟ್ಟಿಲ್ಲಲ್ರೀ?”

“ಸ್ವಲ್ಪ ಕುಟ್ಟಿದೆ ಮಾರಾಯ್ರೆ. ಸುಳ್ಳು ಯಾಕೆ ಹೇಳುದು?”

“ಕುಟ್ಟಿದ್ರ ಕೆಡೋ ಪೈಕಿ ಅಲ್ಲ ಬಿಡ್ರಿ ಅದು.”

ಎಂಜಿನಿಯರ್ ಟರ್ಮಿನಲ್ಲಿನ ವೇಗದ ಸೆಟ್ಟಿಂಗ್ ನೋಡಿದರು, ಸರಿ ಇತ್ತು. ಪಕ್ಕದ ಮೇಜಿನ ಕೇಬಲ್ ಬಿಚ್ಚಿ ಇದಕ್ಕೆ ಸಿಕ್ಕಿಸಿದರು. ಅದೇ ನಿಧಾನ. ಪಕ್ಕದ ಟರ್ಮಿನಲ್ಲಿನಲ್ಲೂ ಅದೇ.

“ಈ ಡಬ್ಬಿದು ತಪ್ಪಿಲ್ಲ,” ಎಂದರು.

“ಹಾಗಾದ್ರೆ ನಂದೂ ಇಲ್ವಾ ಮೇಡಂ?”

“ಗಡಬಡ ಮಾಡಬ್ಯಾಡ್ರಿ. ಇನ್ನೂ ನೋಡೋದೈತಿ.”

ಗುಮಾಸ್ತರ ಮುಖ ಬಾಡಿತು. ನನಗೆ ಮಾತ್ರ ಎಂಜಿನಿಯರ್ ಮೇಲೆ ಗೌರವ ಹುಟ್ಟಿದ್ದು ಅಲ್ಲಿ. ಆರೋಪವನ್ನು ನಂಬದವರು ಸಮಾಧಾನದ ಮಾತನ್ನೂ ಪುರಾವೆಯಿಲ್ಲದೆ ಆಡಲಿಲ್ಲ.

ಸರ್ವರ್ ಕೋಣೆಯಲ್ಲಿ ಮ್ಯಾನೇಜರ್ ಕಾಯುತ್ತಿದ್ದರು. “ರೀಸ್ಟಾರ್ಟ್ ಕರ್ ದೋ ಮೇಡಂ, ಖಲಾಸ್,” ಎಂದರು. ಏನಾಗಿದೆಯೆಂದು ತಿಳಿಯದೆ ಆರಿಸುವುದಿಲ್ಲ ಎಂದು ಹಿಂದಿಯಲ್ಲೇ ಹೇಳಿ ಎಂಜಿನಿಯರ್ ಮುಖ್ಯ ಪರದೆಯ ಮುಂದೆ ಕೂತರು. ಒಂದೊಂದು ಸಾಲಿಗೂ ಯಂತ್ರ ಏದುಸಿರು ಬಿಡುವಂತಿತ್ತು. ಅವರು ಕೀಲಿಯನ್ನು ಎರಡನೇ ಸಲ ಒತ್ತದೆ ಕಾದರು. ಕೊನೆಗೆ, ಲಾಗಿನ್ ಆಗಲು ಹೋಗಿ ಸೋತವರ ಹೆಸರುಗಳು ಪರದೆಯ ಮೇಲೆ ಬಂದವು.

“ಇಲ್ನೋಡ್ರಿ. ಯಾವನೋ ಒಬ್ಬಾಂವ ಬಿಟ್ಟೂಬಿಡದಂಗ ಒಳಗ ಬರಾಕ ನೋಡಾಕತ್ತಾನ. ಹೆಸರು ಏನ್ ಕೊಟ್ಟಾನ ಓದ್ರಿ.”

ಓದಿದೆ. ಹೆಸರಿನ ಜಾಗದಲ್ಲಿ ‘ಪಾಸ್‌ವರ್ಡ್’ ಎಂದಿತ್ತು. ಕೆಳಗಿನ ಸಾಲಿನಲ್ಲಿ ‘ಲಾಗಿನ್’. ಮತ್ತೆ ‘ಪಾಸ್‌ವರ್ಡ್’. ಪರದೆ ತುಂಬ ಇವೇ.

“ಇಂಥ ಹೆಸರಿನವ ನಮ್ಮ ಶಿಫ್ಟ್‌ನಲ್ಲಿ ಇಲ್ಲ ಮೇಡಂ,” ಎಂದರು ಬಾಗಿಲಲ್ಲಿ ನಿಂತಿದ್ದ ಗುಮಾಸ್ತರು.

“ಅಂವ ಮನುಷ್ಯಾನೇ ಅಲ್ರೀ.”

ಎಲ್ಲ ಸಾಲುಗಳೂ ಒಂದೇ ಪೋರ್ಟಿನಿಂದ, ಕೇಬಲ್ ಸಿಕ್ಕಿಸುವ ಒಂದೇ ಕಿಂಡಿಯಿಂದ, ಬಂದಿದ್ದವು. ಆ ಪೋರ್ಟಿನ ಕೇಬಲ್ ಹಿಡಿದು ಅವರು ಬೀರುವಿನ ಹಿಂದೆ ನುಸುಳಿದರು. ಕೇಬಲ್ಲಿನ ಇನ್ನೊಂದು ತುದಿ ಹೊಸ ಕಂಪ್ಯೂಟರಿಗೆ ಸೇರಿತ್ತು. ಹಳೆಯ ಲೆಕ್ಕವನ್ನು ನಕಲು ಮಾಡಿಕೊಳ್ಳಲು ಅದನ್ನು ಹಿಂದಿನ ಸಂಜೆಯಷ್ಟೇ ಜೋಡಿಸಲಾಗಿತ್ತು.

“ಎದರಾಬದರಾ ಇಬ್ರು ವಾಚ್‌ಮನ್ ನಿಂತಾರ ಅನ್ರಿ. ಇಂವ ಅವಂಗ ‘ಯಾರು ನೀನು’ ಅಂತಾನ. ಅಂವ ಅದನ್ನ ಇವನ ಹೆಸರು ಅಂತ ತಿಳದು ‘ಪಾಸ್‌ವರ್ಡ್ ಹೇಳು’ ಅಂತಾನ. ಅದನ್ನ ಇಂವ ಅವನ ಹೆಸರು ಅಂತ ಬರಕೊಂತಾನ. ಇಬ್ರಿಗೂ ಬಿಡುವಿಲ್ಲ. ಉಳಿದವ್ರಿಗೆ ಬಾಗಲಾ ತಗಿಯೋರ್ ಯಾರು?”

ಹೊಸ ಕಂಪ್ಯೂಟರ್ ಕೂಡ ತನ್ನ ಸೀರಿಯಲ್ ಪೋರ್ಟಿನಲ್ಲಿ ಲಾಗಿನ್ ಕೇಳುವಂತೆಯೇ ಬಂದಿತ್ತು. ಆ ಸೆಟ್ಟಿಂಗನ್ನು ಯಾರೂ ಗಮನಿಸಿರಲಿಲ್ಲ. ಅವರು ಕೇಬಲ್ ಕಿತ್ತರು. ಪರದೆಯ ಮೇಲೆ ಹೆಸರುಗಳು ಬರುವುದು ನಿಂತಿತು. ಎರಡೂ ಯಂತ್ರಗಳಲ್ಲಿ ಆ ಒಂದು ಪೋರ್ಟಿಗೆ ಲಾಗಿನ್ ಕೇಳುವ ಸೆಟ್ಟಿಂಗನ್ನು ತೆಗೆದುಹಾಕಿ ಕೇಬಲ್ಲನ್ನು ಮತ್ತೆ ಸಿಕ್ಕಿಸಿದರು. ನಕಲಿನ ಕೆಲಸವೂ ನಿಲ್ಲಬಾರದಲ್ಲ. ಈ ಸಲ ಯಾವ ಹೆಸರೂ ಬರಲಿಲ್ಲ, ಕೀಲಿ ಒತ್ತಿದೊಡನೆ ಯಂತ್ರ ಉತ್ತರ ಕೊಟ್ಟಿತು.

ಕೇಬಲ್ ಯಾರು ಹಾಕಿದರೆಂದು ಅವರು ಕೇಳಲಿಲ್ಲ. ಅದು ಅವರ ಕೆಲಸವಲ್ಲ, ನನ್ನದು. ಕೇಳಿದೆ.

ಗುಮಾಸ್ತರು ನೆಲ ನೋಡಿದರು. ಗೊತ್ತಿತ್ತೆಂದು ಕಾಣುತ್ತದೆ. ಮ್ಯಾನೇಜರೇ, “ಮೈನೇ ಲಗಾಯಾ,” ಎಂದರು. “ಲಿಖ್ ದೀಜಿಯೇ.”

ನಾನೇ ಹಾಕಿದ್ದು, ಬರೆದುಕೊಳ್ಳಿ ಎಂದಿದ್ದರು. ಹಾಗೆಯೇ ಬರೆದೆ.

ಎಂಜಿನಿಯರ್ ಆಗಲೇ ಕೈಗಂಟಿದ ಧೂಳು ಒರೆಸಿಕೊಳ್ಳುತ್ತಿದ್ದರು. “ಈಗ ಹೇಳತೇನ್ರಿ,” ಎಂದು ಗುಮಾಸ್ತರತ್ತ ತಿರುಗಿದರು, “ತಪ್ಪು ನಿಮ್ಮದಲ್ಲ.”

“ನಿಮ್ಮ ಬಾಯಲ್ಲಿ ಅದು ಬರ್ಲಿಕ್ಕೆ ಎಷ್ಟು ಹೊತ್ತು ಮಾರಾಯ್ರೆ!” ಎಂದು ಅವರು ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು.

“ಯಲ್ಲಾ, ಗಾಡಿ ಛೋಡೋ,” ಎಂದು ಟ್ರಕ್ ಬಿಡಲು ಅವಸರಿಸಿದರು ಮ್ಯಾನೇಜರ್, ಯಾರ ಮುಖವನ್ನೂ ನೋಡದೆ. ಗುಮಾಸ್ತರು ತಮ್ಮ ಮೇಜಿನತ್ತ ಓಡಿದರು. ನಾವು ಕಾರು ಹತ್ತುವಾಗ ಸಾಲಿನ ಮೊದಲ ಟ್ರಕ್ ಗೇಟು ದಾಟುತ್ತಿತ್ತು.