ಬಿರುಕಿನ ಮೇಲಿನ ಸುಣ್ಣದ ಪಟ್ಟಿ

ಮಡಕಶಿರದ ನಮ್ಮ ಬೀದಿಯಲ್ಲಿ ಮೊನ್ನೆ ಯಾರೋ ಹಿತ್ತಲ ಗೋಡೆಗೆ ಮೆತ್ತಲೆಂದು ಕೆಮ್ಮಣ್ಣಿಗೆ ಹುಲ್ಲು ತುಳಿದು ಕೊಳೆಹಾಕಿದ್ದರು. ಆ ಹುಳಿ ವಾಸನೆಗೆ ಬೇರೆಯವರಾದರೆ ಹಳೆಯ ಮನೆ ನೆನೆದು ಕಣ್ಣು ತುಂಬಿಕೊಳ್ಳುತ್ತಿದ್ದರೇನೋ. ನನಗೆ ಮೈ ಉರಿಯಿತು. ಆಂಧ್ರದ ರಾಯದುರ್ಗದ ಕಡೆಯ ಹಳ್ಳಿಯಲ್ಲಿದ್ದ ನಮ್ಮ ಮಣ್ಣಿನ ಮಾಳಿಗೆಯ ಮನೆ, ಅದನ್ನು ಕಾಪಾಡಿದ ನಾಗತ್ತೆ ಕಣ್ಣೆದುರು ಬಂದು ನಿಂತರು. ನಾಗತ್ತೆ ಅಪ್ಪನ ಅಕ್ಕ. ತಾಯಿಯಿಲ್ಲದ ನನ್ನನ್ನು ಸಾಕಿದವಳು. ಮುಂಗಾರಿಗೆ ಮೊದಲೇ ಅವಳು ಸೀರೆ ಕಚ್ಚೆ ಹಾಕಿ ಮಾಳಿಗೆ ಹತ್ತುತ್ತಿದ್ದಳು. ಅಲ್ಲಿ ಬೆಳೆದ ಹುಲ್ಲನ್ನು ಬೇರುಸಹಿತ ಕಿತ್ತು, ನೀರು ಒಳಗಿಳಿಯದ ಚೌಳುಮಣ್ಣು ಹರಡಿ, ನೀರು ಸಲೀಸಾಗಿ ಹರಿದುಹೋಗುವಂತೆ ಇಳಿಜಾರು ಮಾಡುವಳು. ಇಲಿಬಿಲಗಳಿಗೆ ಗಾಜಿನ ಚೂರು ತುರುಕಿ ಮಣ್ಣು ಮೆತ್ತುವಳು. ತೊಲೆಗಳನ್ನು ಬೆರಳಿನಿಂದ ಬಡಿದು, ಕಿವಿಗೊಟ್ಟು, ಒಳಗೆ ಗೆದ್ದಲು ಹತ್ತಿದೆಯೇ ಎಂದು ತಿಳಿಯುವಳು. ಆ ಮನೆ ನನ್ನ ತಲೆಯ ಮೇಲೆ ಒಂದು ಹನಿ ಸೋರಿದ್ದಿಲ್ಲ.

ನಾನು ನಾಲ್ಕನೇ ತರಗತಿಯಲ್ಲಿದ್ದಾಗ ಊರ ಹಿಂದಿನ ಗುಡ್ಡದಲ್ಲಿ ಕಲ್ಲಿನ ಕ್ವಾರಿ ಶುರುವಾಯಿತು. ದಿನಾ ಮಧ್ಯಾಹ್ನ ಸಿಡಿತದ ಸದ್ದಿಗೆ ನೆಲುವಿನ ಗಡಿಗೆಗಳು ನಡುಗುತ್ತಿದ್ದವು. ಒಂದು ದಿನ ಬಾಗಿಲ ಮೇಲೆ ಕೂದಲೆಳೆಯಷ್ಟು ಬಿರುಕು ಕಂಡಿತು. ಅತ್ತೆ ಅದಕ್ಕೆ ಅಡ್ಡವಾಗಿ ಸುಣ್ಣದ ಪಟ್ಟಿ ಎಳೆದಳು. "ಈ ಸುಣ್ಣ ಸೀಳಿದ್ರ ಗ್ವಾಡಿ ಇನ್ನಾ ಜರಗಾಕತ್ತೈತಂತ ತಿಳಕೋ," ಎಂದಳು. ಮೂರನೇ ದಿನಕ್ಕೆ ಸುಣ್ಣ ಸೀಳಿತು. ಮತ್ತೆ ಹಚ್ಚಿದಳು, ಮತ್ತೆ ಸೀಳಿತು. ಕ್ವಾರಿಯಿಂದ ಮನೆಗಳು ಬಿರುಕು ಬಿಡುತ್ತಿವೆ ಎಂದು ಊರವರೆಲ್ಲ ಅರ್ಜಿ ಕೊಟ್ಟ ಮೇಲೆ ತನಿಖೆಗೆ ಒಬ್ಬ ಅಧಿಕಾರಿ ಜೀಪಿನಲ್ಲಿ ಬಂದ.

ಅತ್ತೆ ಏಣಿ ಹಿಡಿದು ನಿಂತಿದ್ದಳು. "ಮ್ಯಾಲ ಹತ್ತಿ ನೋಡ್ರಿ ಸಾರ್. ಒಂದು ಹುಲ್ಲುಕಡ್ಡಿ ಇದ್ರ ಕೇಳ್ರಿ."

ಅವನು ಹತ್ತಲಿಲ್ಲ. ಹೊಸ್ತಿಲನ್ನೂ ದಾಟಲಿಲ್ಲ. ಜೀಪಿನ ಬಾನೆಟ್ ಮೇಲೆ ಕಾಗದ ಇಟ್ಟು ಎರಡು ಸಾಲು ತೆಲುಗಿನಲ್ಲಿ ಗೀಚಿ, ನಕಲೊಂದನ್ನು ಕೊಟ್ಟು ಹೋದ. ನಾನು ತೆಲುಗು ಶಾಲೆಗೆ ಹೋಗುತ್ತಿದ್ದವಳು.

"ಏನ್ ಬರದಾನ, ಓದು," ಎಂದಳು ಅತ್ತೆ.

ನಾನು ಜಾಣೆಯಂತೆ ಗಟ್ಟಿಯಾಗಿ ಓದಿದೆ: "ನಿರ್ವಹಣ ಲೋಪಂ."

"ಹಂಗಂದ್ರ?"

"ಮನಿ ಸರಿಯಾಗಿ ನೋಡಿಕೊಂಡಿಲ್ಲಂತ, ಅತ್ತಿ."

ಅವಳ ಮುಖ ನೋಡಿದ ಮೇಲೆ ನನ್ನ ನಾಲಿಗೆ ಕಚ್ಚಿಕೊಂಡೆ. ಅವಳು ಜಗಳಕ್ಕೆ ನಿಲ್ಲಲಿಲ್ಲ. ಏಣಿಯನ್ನು ಒಳಗೆ ತಂದಿಟ್ಟು, ಗೋಡೆಗೆ ಬೆನ್ನು ಕೊಟ್ಟು ಕೂತಳು.

ಆ ವರ್ಷದ ಮಳೆಗೆ ಮೊದಲೇ, ನಾವು ಬಾವಿಗೆ ಹೋಗಿದ್ದಾಗ, ಬಾಗಿಲ ಗೋಡೆ ತೊಲೆಸಮೇತ ಕುಸಿಯಿತು. ಅಪ್ಪ ಬಂದು ನಮ್ಮಿಬ್ಬರನ್ನೂ ತನ್ನ ಕೆಲಸದ ಊರು ಮಡಕಶಿರಕ್ಕೆ ಕರೆದುಕೊಂಡು ಬಂದ. ಬಾಡಿಗೆಯ ಆರ್‌ಸಿಸಿ ಮನೆಯಲ್ಲಿ ಅತ್ತೆಗೆ ಮಾಡಲು ಕೆಲಸವೇ ಉಳಿಯಲಿಲ್ಲ. ಸೂರು ಸೋರಿದರೂ ಸುಮ್ಮನೆ ಪಾತ್ರೆ ಇಡುತ್ತಿದ್ದಳು.

ಮನೆ ಬಿದ್ದದ್ದನ್ನು ನಾನು ಹೇಗೋ ನುಂಗಿಕೊಂಡೇನು. ಆ ಎರಡು ಸಾಲನ್ನು ಮಾತ್ರ ಇಂದಿಗೂ ಕ್ಷಮಿಸಲಾರೆ. ಏಕೆಂದರೆ ಅತ್ತೆ ಅದನ್ನು ನಂಬಿಬಿಟ್ಟಳು. ಹಾಸಿಗೆ ಹಿಡಿದ ಕೊನೆಯ ದಿನಗಳಲ್ಲಿ ಒಂದು ಬೆಳಿಗ್ಗೆ ನನ್ನ ಕೈ ಎಳೆದುಕೊಂಡು ಮೆಲ್ಲಗೆ ಕೇಳಿದಳು:

"ಆ ಗ್ವಾಡಿಗಿ ನಾನು ಇನ್ನೊಂದು ಸಲ ಮೆತ್ತಬೇಕಿತ್ತೇನವ್ವ?"

ಇಲ್ಲ ಅತ್ತಿ, ಎಂದೆ. ಅವಳು ಹೂಂ ಎಂಬಂತೆ ತಲೆಯಾಡಿಸಿದಳು, ನನ್ನನ್ನು ಸಮಾಧಾನಪಡಿಸುವವಳಂತೆ.