ವಸುಧಾ ಅವರಿಗಾಗಿ ಒಂದು ನಿಮಿಷ

ಹೋದ ಶನಿವಾರ ವಡೋದರಾದ ಒಂದು ಸೆಮಿನಾರಿನಲ್ಲಿ, ತೀರಿಕೊಂಡ ಹೆಂಗಸೊಬ್ಬಳಿಗಾಗಿ ನಾವೆಲ್ಲ ಒಂದು ನಿಮಿಷ ಎದ್ದು ನಿಂತೆವು. ನನ್ನ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದವಳು ಅವಳೇ.

ನಂಬುವುದಿಲ್ಲ ಅಲ್ಲವೇ? ಮೊದಲಿಂದ ಹೇಳುತ್ತೇನೆ.

ನನ್ನವರಿಗೆ ವರ್ಗವಾಗಿ ನಾವು ಅಹಮದಾಬಾದಿನ ಚಾಂದ್‌ಖೇಡಾಕ್ಕೆ ಬಂದು ಎಂಟು ತಿಂಗಳಾಯಿತು. ಬಾಡಿಗೆ ಮನೆ. ಮುಂಚೆ ಇದ್ದವರೂ ನಮ್ಮವರೇ, ಧಾರವಾಡದ ಕಡೆಯ ದಂಪತಿ. ಬಂದ ವಾರವೇ ಆ ಹೆಂಗಸು ವಸುಧಾ ಹೆಸರಿಗೆ ವಿದೇಶಿ ಲಕೋಟೆಯೊಂದು ಬಂತು. ಆಮೇಲೆ ಇನ್ನೊಂದು. ಕಾನ್ಫರೆನ್ಸ್, ಬೇಸಿಗೆ ಕೋರ್ಸು, ಪ್ರಬಂಧ ಕಳಿಸಿ ಎಂಬ ಕರೆ. ಎಲ್ಲವೂ ಅಂತರರಾಷ್ಟ್ರೀಯ ಕಾನೂನಿನವು. (ನನ್ನ ಪಿಎಚ್.ಡಿ.ಯೂ ಅದರಲ್ಲೇ. ನನಗೆ ಮಾತ್ರ ಯಾರೂ ಬರೆಯುತ್ತಿರಲಿಲ್ಲ.)

ಮನೆ ಮಾಲೀಕ ಕಾಂತಿಭಾಯಿಯವರ ಹತ್ತಿರ ಆಕೆಯ ಹೊಸ ವಿಳಾಸ ಕೇಳಿದೆ. ಅವರು ದನಿ ತಗ್ಗಿಸಿದರು.

“ಏ ತೋ ಗುಜರೀ ಗಯಾಂ, ಬೇನ್.”

ಹೋದ ವರ್ಷ ಪ್ಲೇಗಿನ ಸಮಯದಲ್ಲಿ ಸೂರತ್‌ಗೆ ಹೋದವರು ಅಲ್ಲೇ ತೀರಿಕೊಂಡರಂತೆ. ಮನೆ ಖಾಲಿ ಮಾಡುವಾಗ ಗಂಡನೇ ಹೇಳಿದ್ದು.

ಅವತ್ತಿನಿಂದ ಮನೆ ಬೇರೆಯಾಯಿತು. ಅಡುಗೆಮನೆಯ ಶೆಲ್ಫುಗಳಿಗೆ ಆಕೆ ತನ್ನ ನೋಟ್ಸಿನ ಹಾಳೆಗಳನ್ನೇ ಹಾಸಿದ್ದಳು. ಸಾಸಿವೆ ಡಬ್ಬಿ ಎತ್ತಿದರೆ ಕೆಳಗೆ ನಿರಾಶ್ರಿತರ ಹಕ್ಕು. ಬೇಳೆ ಡಬ್ಬಿ ಎತ್ತಿದರೆ ಸಮುದ್ರದ ಗಡಿ. ಇಂಗ್ಲಿಷಿನ ‘ಜಿ’ ಅಕ್ಷರದ ಬಾಲವನ್ನು ಕೆಳಗಿನ ಸಾಲಿನವರೆಗೂ ಎಳೆಯುವ ನೀಲಿ ಬರಹ. ಕಿತ್ತು ಬಿಸಾಡಲು ಕೈ ಬರಲಿಲ್ಲ. ಮಧ್ಯಾಹ್ನ ಒಬ್ಬಳೇ ಓದಲು ಕೂತರೆ, ಬೆನ್ನ ಹಿಂದೆ ಯಾರೋ ನಿಂತು ನನ್ನ ತಪ್ಪುಗಳನ್ನು ನೋಡುತ್ತಿದ್ದಾರೆ ಅನ್ನಿಸುತ್ತಿತ್ತು. ಲಾ ಓದಿದವಳಿಗೆ ದೆವ್ವದ ಭಯವೇ ಎಂದು ನನ್ನವರು ನಕ್ಕರು.

ಎರಡು ತಿಂಗಳ ಹಿಂದೆ ಜಿನೀವಾದಿಂದ ಪತ್ರ ಬಂತು. ಆಕೆಗೆ ಫೆಲೋಶಿಪ್ ಸಿಕ್ಕಿತ್ತು.

ಅಭ್ಯರ್ಥಿ ತೀರಿಕೊಂಡಿದ್ದಾರೆ ಎಂದು ಉತ್ತರ ಬರೆದೆ. ಆಕೆಗೆ ಆಹ್ವಾನ ಕಳಿಸಿದ್ದ ವಡೋದರಾದ ಸೆಮಿನಾರಿನವರಿಗೂ ಅದನ್ನೇ ತಿಳಿಸಿದೆ. ಜಿನೀವಾದ ಲಕೋಟೆಯಲ್ಲಿ ನನ್ನ ಬಯೋಡೇಟಾ ಕೂಡ ಇಟ್ಟೆ. (ಹೌದು, ಇಟ್ಟೆ.)

ಇನ್ನು ಶನಿವಾರ. ಮೌನದ ನಡುವೆ ಬಾಗಿಲು ತೆರೆದು ಒಬ್ಬಾಕೆ ಬಂದು ನನ್ನ ಪಕ್ಕ ನಿಂತಳು. ಕೂತ ಮೇಲೆ ನೋಟ್‌ಬುಕ್ ತೆಗೆದು ಏನೋ ಬರೆಯತೊಡಗಿದಳು. ನೀಲಿ ಶಾಯಿ. ‘ಜಿ’ಯ ಬಾಲ ಕೆಳಗಿನ ಸಾಲಿಗೆ ಇಳಿಯಿತು.

ನಾನು ಕುರ್ಚಿಯನ್ನು ಮೆಲ್ಲಗೆ ಆಚೆ ಸರಿಸಿದೆ.

ಆಕೆ ಕಾರ್ಯಕ್ರಮದ ಪಟ್ಟಿ ನೋಡಿದಳು. ತನ್ನ ಹೆಸರಿನ ಹಿಂದೆ ‘ಲೇಟ್’ ಎಂದಿತ್ತು. ನನ್ನ ಬ್ಯಾಡ್ಜಿನಲ್ಲಿ ಕನ್ನಡದ ಹೆಸರು ಕಂಡು ಪಿಸುಗುಟ್ಟಿದಳು.

“ಸೂರತ್ ಗಾಡಿ ಹತ್ತು ನಿಮಿಷ ಲೇಟ್ ಆತ್ರೀ. ಅದನ್ನೂ ಪ್ರಿಂಟ್ ಮಾಡ್ಯಾರಲ್ಲ?”

ಟೀ ಹೊತ್ತಿಗೆ ಎಲ್ಲ ಹೇಳಿದೆ. ಊರಿಗೆ ಊರೇ ಸೂರತ್ ಬಿಟ್ಟು ಓಡುತ್ತಿದ್ದಾಗ ಆಕೆ ರೈಲಿನ ಖಾಲಿ ಡಬ್ಬಿಯಲ್ಲಿ ಕೂತು ಆ ಊರಿಗೆ ಹೋಗಿದ್ದಳಂತೆ, ಗಂಡನನ್ನು ಬಿಟ್ಟು, ಕಾಲೇಜೊಂದರ ಕೆಲಸ ಹಿಡಿದು. ಸೆಮಿನಾರಿನ ಸುದ್ದಿ ಆ ಕಾಲೇಜಿಗೂ ಬಂದಿತ್ತಂತೆ.

“ಮನಿ ದಾಟಿದ್ರ ನನ್ನ ಪಾಲಿಗೆ ಸತ್ತಂಗ ಅಂದಿದ್ರು. ಊರಿಗೆಲ್ಲ ಹೇಳ್ಯಾರಂತ ಗೊತ್ತಿರಲಿಲ್ಲ.”

ಜಿನೀವಾ ವಿಷಯ ಹೇಳುವಾಗ ನನಗೆ ಆಕೆಯ ಮುಖ ನೋಡಲಾಗಲಿಲ್ಲ. ಬಯೋಡೇಟಾ ಇಟ್ಟಿದ್ದನ್ನೂ ಹೇಳಿದೆ. ಆ ಜಾಗ ನನಗೇ ಸಿಕ್ಕಿದೆ ಎಂದೂ ಹೇಳಿದೆ. ಕಪ್ಪಿನಲ್ಲಿ ಟೀ ಕೆನೆ ಕಟ್ಟಿತು.

“ನಡೀರಿ, ಫ್ಯಾಕ್ಸ್ ಮಾಡೋಣು,” ಅಂದಳು ಕೊನೆಗೆ.

ಸ್ಟೇಷನ್ ಹತ್ತಿರದ ಎಸ್‌ಟಿಡಿ ಬೂತಿನಿಂದ ಕಳಿಸಿದೆವು. ವಸುಧಾ ಬದುಕಿದ್ದಾರೆ, ನಾನು ಹಿಂದೆ ಸರಿಯುತ್ತೇನೆ ಎಂದು ಬರೆದು ಇಬ್ಬರೂ ಸಹಿ ಹಾಕಿದೆವು.

ಬುಧವಾರ ನನ್ನವರ ಆಫೀಸಿಗೆ ಫ್ಯಾಕ್ಸಿನಲ್ಲೇ ಉತ್ತರ ಬಂತು. ವಿಷಯ ತಿಳಿದು ಬಹಳ ಸಂತೋಷವಂತೆ. ಆದರೆ ಆಕೆ ಬದುಕಿರುವುದಕ್ಕೆ ಅಧಿಕೃತ ಪ್ರಮಾಣಪತ್ರ ಬೇಕಂತೆ.

ಸತ್ತಿದ್ದಕ್ಕೆ ಅವರು ಕೇಳಲಿಲ್ಲ ಸರಿ, ಅದೇ ಮನೆಯಲ್ಲಿ ಎಂಟು ತಿಂಗಳಿದ್ದ ನಾನಾದರೂ ಯಾಕೆ ಕೇಳಲಿಲ್ಲ?