ಮೊದಲ ಹಣ್ಣು ರುಚಿಯಮ್ಮನ ಬಾಯಿಗೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೇಸಿಗೆಯ ಚಾರಣಕ್ಕೆ ಬಂದವರೆಲ್ಲ ಗುಡ್ಡದ ಮೇಲಿನ ಮುಳ್ಳುಪೊದೆಯೊಂದನ್ನು ಸುತ್ತುವರಿದು ನಿಂತಿದ್ದಾರೆ. ಹವಾಯಿ ಚಪ್ಪಲಿ ಮೆಟ್ಟಿದ ಹೆಂಗಸೊಬ್ಬರು ಮುಳ್ಳಿನ ಸಂದಿಗೆ ಕೈ ತೂರಿಸಿ, ಕಪ್ಪಗೆ ಕಳಿತ ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ. ಅಗಿದು ನುಂಗುವತನಕ ಎಲ್ಲರ ಕಣ್ಣೂ ಅವರ ಮುಖದ ಮೇಲೆ. ತುಸು ಹೊತ್ತು ಬಿಟ್ಟು "ಏನೂ ಆಗಲ್ಲ, ತಿನ್ನಿ" ಎನ್ನುತ್ತಾರೆ. ಆಮೇಲೆ ನೋಡಬೇಕು, ಜನ ಪೊದೆಗೆ ಮುಗಿಬೀಳುವ ಪರಿ!

ಎಲ್ಲರೂ ಅವರನ್ನು ಕರೆಯುವುದು ರುಚಿಯಮ್ಮ ಎಂದೇ. ಚಾರಣ ನಡೆಸುವ ಕಂಪನಿಯಲ್ಲಿ ಅವರ ಕೆಲಸ ಇಷ್ಟೇ, ಪ್ರತಿ ಪೊದೆಯಲ್ಲೂ ಮೊದಲ ಹಣ್ಣು ತಿಂದು ತೋರಿಸುವುದು. ಹಣ್ಣಿನ ಗುರುತು ಕಲಿಸಿದವರು ಅಜ್ಜಿ, ಆಮೇಲೆ ಅಮ್ಮ. ಅವರ ಕಾಲದಲ್ಲಿ ಬುಟ್ಟಿ ತುಂಬ ಕಿತ್ತು ಮಾರುತ್ತಿದ್ದರು. ಈಗ ಗುಡ್ಡಕ್ಕೆ ಬೇಲಿ ಹಾಕಿದ್ದಾರೆ. ಬುಟ್ಟಿ ಹಿಡಿದು ಹೋದರೆ ಕಳ್ಳತನ, ಟಿಕೆಟ್ ಹಿಡಿದು ಹೋದರೆ ವಿಹಾರ.

"ದಿನಾ ಹಣ್ಣು ತಿಂತೀರಲ್ಲ, ಪುಣ್ಯವಂತ್ರು ಬಿಡಿ ಅಂತಾರೆ ಬಂದೋರು. ಖಾಲಿ ಹೊಟ್ಟೇಲಿ ಹುಳಿ ತಿಂದು ನೋಡ್ಲಿ, ಆಗ ಗೊತ್ತಾಗುತ್ತೆ ಪುಣ್ಯ" ಎಂದು ರುಚಿಯಮ್ಮ ನಗುತ್ತಾರೆ.

ಹೋದ ಬೇಸಿಗೆಯಲ್ಲಿ ಹೀಗೇ ಒಂದು ಹಣ್ಣು ತಿಂದು ಅಲ್ಲೇ ಕುಸಿದರು. ಹಣ್ಣಿನದೇನೂ ತಪ್ಪಿಲ್ಲ. ದಾರಿಬದಿಯ ಕಳೆ ಸಾಯಲೆಂದು ಹಿಂದಿನ ದಿನ ಕಂಪನಿಯೇ ಔಷಧಿ ಹೊಡೆಸಿತ್ತು. ಇವರಿಗೊಂದು ಮಾತು ಹೇಳಬೇಕೆಂದು ಯಾರಿಗೂ ತೋಚಿರಲಿಲ್ಲ. ಆಸ್ಪತ್ರೆಗೆ ನೋಡಲು ಬಂದ ಮಾಲೀಕರು ಸಮಾಧಾನ ಹೇಳಿದ ಚೆಂದ ಕೇಳಿ: "ಸದ್ಯ, ಗೆಸ್ಟುಗಳು ಯಾರೂ ತಿಂದಿರ್ಲಿಲ್ಲಮ್ಮ. ನೀವಿದ್ದಿದ್ದು ಒಳ್ಳೇದಾಯ್ತು." ನಾಚಿಕೆ ಅನ್ನುವುದು ಬೇಡವೇ? ಆವತ್ತಿನಿಂದ ರುಚಿಯಮ್ಮನಿಗೆ ಊಟ ಸೇರುತ್ತಿಲ್ಲ. ಆದರೂ ಕೆಲಸ ಬಿಟ್ಟಿಲ್ಲ, ಮನೆಯ ಒಲೆ ಉರಿಯಬೇಕಲ್ಲ.

ಈಗ ಮಾಲೀಕರು ಮಗಳನ್ನು ಕಳಿಸಿ ಎನ್ನುತ್ತಿದ್ದಾರೆ. ತಾಯಿಯ ಮುಖ ಸೊರಗಿದೆ, ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವಂತೆ. ಮುಂದಿನ ಬೇಸಿಗೆಗೆ ಮಗಳು ಬಾರದಿದ್ದರೆ ಈ ಕೆಲಸ ಬೇರೆಯವರ ಪಾಲು. ಇಸ್ತ್ರಿ ಅಂಗಡಿಯಲ್ಲಿ ದುಡಿಯುವ ಮಗಳಿಗೂ ಮನಸ್ಸಿದೆ. ಒಂದೇ ಕೋಣೆಯ ಮನೆಯಲ್ಲಿ, ಮಡಚಿಟ್ಟ ಹಾಸಿಗೆಗೆ ಒರಗಿ ಕೂತು ಹಠ ಹಿಡಿಯುತ್ತಾಳೆ: "ನೀನು ತಿಂದಿದ್ದು ಸಾಕಮ್ಮ, ನಾನು ಹೋಗ್ತೀನಿ. ಯಾವುದು ತಿನ್ಬೇಕು, ಯಾವುದು ಬಿಡ್ಬೇಕು, ಅಷ್ಟು ಹೇಳ್ಕೊಡು." ರುಚಿಯಮ್ಮ ಪಾತ್ರೆ ಉಜ್ಜುತ್ತಲೇ ಇರುತ್ತಾರೆ.

ಮಗಳು ನೀರು ಹಿಡಿಯಲು ಹೊರಗೆ ಹೋದ ಮೇಲೆ ನಮ್ಮ ಕಡೆ ತಿರುಗಿ ದನಿ ತಗ್ಗಿಸುತ್ತಾರೆ. "ಈ ಕೆಲಸ ಹಿಡಿದ ದಿನಾನೇ ತೀರ್ಮಾನ ಮಾಡ್ಬಿಟ್ಟೆ. ಆಗ ಇವಳು ಇಷ್ಟುದ್ದ. ಹಣ್ಣಿಗೆ ಕೈ ಹಾಕಿದ್ರೆ ಸಾಕು, ಪಟ್ ಅಂತ ಹೊಡೀತಿದ್ದೆ. ಎಲ್ಲಾನೂ ವಿಷ ಅಂತ ಹೇಳ್ಕೊಂಡೇ ಬೆಳೆಸಿದೀನಿ. ನಮ್ಮಮ್ಮ ಕಲಿಸಿದ್ದು ನನ್ನ ಜೊತೇಲೇ ಮಣ್ಣಾಗ್ಲಿ. ಈ ಗುಡ್ಡದ ಒಂದು ಹಣ್ಣಿನ ಗುರುತೂ ನನ್ನ ಮಗಳಿಗೆ ಗೊತ್ತಿಲ್ಲ. ಅದೊಂದು ಕೆಲಸ ನಾನು ಚೆನ್ನಾಗಿ ಮಾಡಿದೀನಿ."